ಪರದೇಶಿ ಮೇಷ್ಟ್ರ ಹಲ್ಲು

ಎಲ್ಲದಕ್ಕೂ ಕಾರಣ ಒಂದೇ ಒಂದು ಕಡಲೆಕಾಳು.

ಮೇಷ್ಟ್ರ ಹೆಂಡತಿ ಊರಿನಿಂದ ಕಳಿಸಿದ ಪಾರ್ಸೆಲ್ಲಿನಲ್ಲಿ ಒಂದು ಡಬ್ಬಿ ಹುರಿದ ಕಡಲೆ ಇತ್ತು. ಪರದೇಶದಲ್ಲಿ ಒಂಟಿಯಾಗಿ ಬಿದ್ದಿರುವ ಗಂಡ ಬೇಜಾರಾದಾಗ ಬಾಯಾಡಿಸಲಿ ಎಂದು ಪ್ರೀತಿಯಿಂದ ಕಳಿಸಿದ್ದು. ಆದರೆ ಆ ಪಾರ್ಸೆಲ್ಲು ಹಡಗು ಹತ್ತಿ, ಲಾರಿ ಹತ್ತಿ, ಅಂಚೆಯವನ ಚೀಲದಲ್ಲಿ ಕೂತು ಬರುವಷ್ಟರಲ್ಲಿ ಕಡಲೆ ಕಲ್ಲಾಗಿತ್ತು. ಬೆಳಿಗ್ಗೆ ಎದ್ದವರೇ ಮೇಷ್ಟ್ರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಬಲಗಡೆ ಕಚ್ಚಿದರು. ಕಟಕ್ ಎಂದಿತು. ಮುರಿದದ್ದು ಕಡಲೆಯಲ್ಲ, ವಸಡಿನೊಳಗೆ ಹಲ್ಲಿನ ಬೇರು.

"ಅಯ್ಯಯ್ಯಪ್ಪಾ!" ಎಂದು ಮೇಷ್ಟ್ರು ಮಂಚದ ಮೇಲೆ ಉರುಳಿದರು. ನೋವು ದವಡೆಯಿಂದ ಹೊರಟು ಕಿವಿಗೆ ಹೋಗಿ, ಅಲ್ಲಿಂದ ನೆತ್ತಿ ಹತ್ತಿ, ಇಳಿದು ಬಂದು ಮತ್ತೆ ಹಲ್ಲಿನ ಬುಡದಲ್ಲೇ ಕೂತಿತು.

ಬೇರೆ ದಿನವಾಗಿದ್ದರೆ ಶಾಲೆಗೆ ರಜ ಹಾಕಿ ಕಂಬಳಿ ಹೊದ್ದು ಮಲಗಬಹುದಿತ್ತು. ಆದರೆ ಮೇಷ್ಟ್ರ ಕೆಲಸದ ಪರೀಕ್ಷಾ ಅವಧಿ ಮುಗಿಯುವುದು ಅವತ್ತೇ. ಮಧ್ಯಾಹ್ನ ಅಪ್ಪ ಅಮ್ಮಂದಿರೆಲ್ಲ ಬಂದು ಹಿಂದಿನ ಬೆಂಚುಗಳಲ್ಲಿ ಕೂತು ಅವರ ಡೆಮೋ ಪಾಠ ನೋಡುವವರಿದ್ದರು. ಅವರು ಮೆಚ್ಚಿದರೆ ಕೆಲಸ ಖಾಯಂ, ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಅನುಮತಿ. ಮೆಚ್ಚದಿದ್ದರೆ ವಾರದೊಳಗೆ ಗಂಟುಮೂಟೆ ಕಟ್ಟಿ ವಾಪಸ್. ಅತ್ತ ಹೆಂಡತಿ ಆಗಲೇ ಪಾತ್ರೆಗಳನ್ನೆಲ್ಲ ತಂಗಿಗೆ ಕೊಟ್ಟು, ಇದ್ದೊಂದು ಬಾಣಲೆಯಲ್ಲಿ ಅಡುಗೆ ಮಾಡಿಕೊಂಡು ಕೂತಿದ್ದಳು. ಮಗಳ ಮುಖ ನೋಡಿ ಅರ್ಧ ವರ್ಷವಾಗಿತ್ತು.

ಹೋಗಲಿ, ಹಲ್ಲಿನ ಡಾಕ್ಟರ ಹತ್ತಿರ ಹೋಗಿ 'ಈ ಹಲ್ಲು ನೋಯುತ್ತಿದೆ' ಎಂದು ಹೇಳಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಕಷ್ಟ. ಆ ಶಾಲೆಯಲ್ಲಿ ಒಂದು ನಿಯಮವಿತ್ತು. ಇಂಗ್ಲಿಷ್ ಮೇಷ್ಟ್ರಿಗೆ ಆ ದೇಶದ ಭಾಷೆ ಬರಕೂಡದು. ಶಾಲೆಯ ಒಳಗೂ ಸರಿ, ಹೊರಗೂ ಸರಿ, ಒಂದು ಮಾತು ಬಾಯಿಂದ ಬಿದ್ದರೂ ಕೆಲಸ ಹೋಯಿತು. ಅಲ್ಲಿಯ ಅಪ್ಪ ಅಮ್ಮಂದಿರ ಲೆಕ್ಕಾಚಾರ ಸರಳವಾಗಿತ್ತು. ನಮ್ಮ ಭಾಷೆ ಬರುವವನು ನಮ್ಮಂಥವನೇ, ನಮ್ಮಂಥವನಿಗೆ ಇಂಗ್ಲಿಷ್ ಎಲ್ಲಿಂದ ಬಂತು? ಇವರಿಗಿಂತ ಮುಂಚೆ ಇದ್ದವನು ಒಳ್ಳೆಯ ಪಾಠ ಹೇಳುತ್ತಿದ್ದನಂತೆ. ಒಂದು ದಿನ ಮಾರ್ಕೆಟ್ಟಿನಲ್ಲಿ ಮೈಮರೆತು ಊರ ಭಾಷೆಯಲ್ಲಿ ಈರುಳ್ಳಿ ಚೌಕಾಸಿ ಮಾಡಿದ. ಮಾರನೆಯ ದಿನ ಈರುಳ್ಳಿಯನ್ನೂ ಬಿಟ್ಟು ಊರಿಗೆ ಹೊರಟ.

ನಮ್ಮ ಮೇಷ್ಟ್ರಿಗೋ ಆ ಭಾಷೆ ನೀರು ಕುಡಿದಷ್ಟು ಸಲೀಸಾಗಿ ಬಂದುಬಿಟ್ಟಿತ್ತು. ಅವರು ಬಾಡಿಗೆಗಿದ್ದ ರೂಮಿಗೂ ಮನೆ ಓನರಮ್ಮನ ಅಡುಗೆಮನೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಆಯಮ್ಮ ಬೆಳಿಗ್ಗೆಯಿಂದ ರಾತ್ರಿಯವರೆಗೆ ಫೋನಿನಲ್ಲಿ ತಮ್ಮನ ಹೆಂಡತಿಯ ಜೊತೆ ಜಗಳವಾಡುತ್ತಿದ್ದಳು. ಮೇಷ್ಟ್ರು ಮೊದಲ ತಿಂಗಳು ಬೈಗುಳ ಕಲಿತರು, ಆಮೇಲೆ ಬೈಗುಳದ ಕಾರಣಗಳನ್ನು ಕಲಿತರು, ಅಷ್ಟರಲ್ಲಿ ಭಾಷೆಯೇ ಬಂದಿತ್ತು. ಬಂದದ್ದನ್ನು ಬಚ್ಚಿಟ್ಟುಕೊಂಡು ಓಡಾಡುವುದು ಮಾತ್ರ ಬಂದ ಬಿಕ್ಕಳಿಕೆ ತಡೆದಂತೆ. ಕ್ಲಾಸಿನಲ್ಲಿ ಮಕ್ಕಳು ತಮ್ಮ ಭಾಷೆಯಲ್ಲಿ ಜೋಕು ಹೇಳಿಕೊಂಡರೆ ಬೋರ್ಡಿನ ಕಡೆ ತಿರುಗಿ ನಗಬೇಕಿತ್ತು.

(ಇನ್ನು ಮುಂದೆ ಅವರೆಲ್ಲ ಆಡಿದ್ದನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ. ಅವರ ಭಾಷೆ ನನಗೆ ಬರುವುದಿಲ್ಲ, ಬಂದಿದ್ದರೂ ನಿಮಗೆ ಪ್ರಯೋಜನವಿಲ್ಲ.)

ಮೇಷ್ಟ್ರ ನರಳಾಟ ಕೇಳಿ ಓನರಮ್ಮ ಬಾಗಿಲು ತಟ್ಟದೆ ಒಳಗೆ ಬಂದಳು. ಆಯಮ್ಮನ ಕೈಯಲ್ಲಿ ಖಾಲಿ ಬಟ್ಟಲು. ಬಂದ ಕೆಲಸ ಮೊದಲು ಎಂಬಂತೆ ಕಪಾಟು ತೆಗೆದಳು.

"ನಿಮ್ಮ ಸಕ್ಕರೆ ಒಂದು ಬಟ್ಟಲು ತಗೊಳ್ತೀನಿ ಮೇಷ್ಟ್ರೇ. ಬೇಡ ಅಂದ್ರೆ ಈಗ್ಲೇ ಹೇಳ್ಬಿಡಿ," ಎಂದಳು. ಒಂದು ಗಳಿಗೆ ಕಾದು ತುಂಬಿಸಿಕೊಂಡಳು.

ದಿನಾ ಇದೇ ಆಟ. ಸಕ್ಕರೆ, ಸೋಪು, ಇಸ್ತ್ರಿಪೆಟ್ಟಿಗೆ, ಒಂದು ಸಲ ಮೇಷ್ಟ್ರ ಸ್ವೆಟರು. ಭಾಷೆ ಗೊತ್ತಿಲ್ಲದ ಪರದೇಶಿಯ ಎದುರು ಹೇಳಿದಂತೆ ಮಾಡಿ ಕದಿಯುತ್ತಾಳಲ್ಲ, ಎಂಥಾ ಗಟ್ಟಿಗಿತ್ತಿ ಎಂದು ಮೇಷ್ಟ್ರು ಒಳಗೊಳಗೇ ಕುದಿಯುತ್ತಿದ್ದರು. ಇವತ್ತು ಕುದಿಯಲೂ ಶಕ್ತಿಯಿರಲಿಲ್ಲ. ಬಲಗೆನ್ನೆ ಹಿಡಿದುಕೊಂಡು ಓಲಾಡಿದರು.

"ಅಯ್ಯೋ, ಹಲ್ಲುನೋವಾ? ಏಳಿ ಏಳಿ, ನಮ್ಮ ಡಾಕ್ಟ್ರ ಹತ್ತಿರ ಹೋಗೋಣ. ನಿಮಗೆ ಪಾಪ ಬಾಯಿ ಇಲ್ಲ. ನಾನಿದೀನಿ."

ಮೇಷ್ಟ್ರು ಬೇಡ ಎಂದು ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು.

"ಹಾಂ, ಒಪ್ಪಿದ್ರು!" ಎಂದಳು ಓನರಮ್ಮ.

ಈ ಒಪ್ಪುವಿಕೆಯ ಕತೆ ಹೇಳಬೇಕು. ನಮ್ಮ ಕಡೆಯವರು ಸರಿ ಎನ್ನಲು ತಲೆಯನ್ನು ಹೇಗೆ ತೂಗುತ್ತಾರೆಂದು ನಿಮಗೆ ಗೊತ್ತೇ ಇದೆ. ಮೇಷ್ಟ್ರು ಬಂದ ಹೊಸದರಲ್ಲಿ ಓನರಮ್ಮ ಒಂದು ಲೋಟ ಚಹಾ ತಂದು, ಇನ್ನೂ ಬೇಕಾ ಎಂದು ಕೈಸನ್ನೆ ಮಾಡಿದ್ದಳು. ಮೇಷ್ಟ್ರು ಸಂತೋಷದಿಂದ ತಲೆ ತೂಗಿದರು. ಬೇಡವಂತೆ ಎಂದು ಆಯಮ್ಮ ಲೋಟ ಎತ್ತಿಕೊಂಡು ಹೊರಟಾಗ ಹಿಂದೆಯೇ ಓಡಿಹೋಗಿ ಕಿತ್ತುಕೊಂಡು ಕುಡಿದರು. ಅವತ್ತೇ ಓನರಮ್ಮ ಬೀದಿಗೆಲ್ಲ ಸಾರಿದಳು: "ಅವರ ದೇಶದಲ್ಲಿ ತಲೆ ಅಡ್ಡ ಆಡಿಸಿದ್ರೆ ಹೂಂ ಅಂತ ಅರ್ಥ!" ಅಂದಿನಿಂದ ಮೇಷ್ಟ್ರ ತಲೆ ಯಾವ ಕಡೆ ಆಡಿದರೂ ಅದು ಹೂಂ. ಮೇಲೆ ಕೆಳಗೆ ಆಡಿಸಿದರೆ ಹೂಂ ಎಂಬುದು ಎಲ್ಲರಿಗೂ ಗೊತ್ತು. ಅಡ್ಡ ಆಡಿಸಿದರೆ ಹೂಂ ಎಂಬುದು ಓನರಮ್ಮನಿಗೆ ಗೊತ್ತು. ಬೇಡ ಎನ್ನಲು ಮೇಷ್ಟ್ರಿಗೆ ತಲೆಯೇ ಉಳಿಯಲಿಲ್ಲ.

ದಾರಿಯಲ್ಲಿ ಕ್ಷೌರದ ಅಂಗಡಿಯವನು ಕತ್ತರಿ ಕೆಳಗಿಟ್ಟು ಓಡಿಬಂದ. ಅವನ ಕುರ್ಚಿಯ ಮೇಲೆ ಒಬ್ಬ ಗಿರಾಕಿ ಅರ್ಧ ಮೀಸೆಯಲ್ಲಿ ಕೂತಿದ್ದ.

"ಏನಕ್ಕಾ, ಇಂಗ್ಲಿಷ್‌ಗೆ ಏನಾಯ್ತು?" ಆ ಬೀದಿಯಲ್ಲಿ ಮೇಷ್ಟ್ರಿಗೆ 'ಇಂಗ್ಲಿಷ್' ಎಂದೇ ಹೆಸರು.

"ಹಲ್ಲು ಕಣೋ. ಬಾ, ಕೈ ಹಿಡ್ಕೊಳ್ಳೋಕೆ ಒಬ್ಬ ಬೇಕು. ಪರದೇಶದವರು, ಹೆದರ್ಕೊಂಡ್ರೆ ಏನು ಮಾಡ್ತಾರೋ ಏನೋ."

"ನಡೀರಿ. ಗಡ್ಡ ಬೋಳಿಸೋವಾಗ ಎಂಥೆಂಥವರನ್ನ ಹಿಡಿದಿಲ್ಲ ನಾನು!"

ಹೀಗೆ ಮೇಷ್ಟ್ರು ಎರಡೂ ಕಡೆ ಬೆಂಗಾವಲಿನಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಂದು ಬಿದ್ದರು. ಡಾಕ್ಟ್ರು ದಪ್ಪನೆಯ, ಸಾವಧಾನದ ಮನುಷ್ಯ. ಅವರ ಮಗಳು ಮೇಷ್ಟ್ರ ಕ್ಲಾಸಿನಲ್ಲೇ ಮೊದಲ ಬೆಂಚು. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದು 'ಓಪನ್' ಮತ್ತು 'ಕ್ಲೋಸ್' ಎರಡೇ. ಅವರ ವೃತ್ತಿಗೆ ಅಷ್ಟು ಸಾಕಾಗಿತ್ತು.

ಮೇಷ್ಟ್ರು ಒಳಗೆ ಕಾಲಿಡುವಾಗಲೇ ಒಂದು ನಿರ್ಧಾರ ಮಾಡಿದ್ದರು. ಬಾಗಿಲು ಮುಚ್ಚಿದ ಮೇಲೆ ಡಾಕ್ಟರ ಕಿವಿಯಲ್ಲಿ ಮೆಲ್ಲಗೆ ಅವರ ಭಾಷೆಯಲ್ಲೇ ಹೇಳಿಬಿಡುವುದು. ಆದರೆ ಬಾಗಿಲು ಮುಚ್ಚಲಿಲ್ಲ. ಅದರ ಕೀಲು ಹೋಗಿ ವರ್ಷವಾಗಿತ್ತಂತೆ. ಬಾಗಿಲಾಚೆ ಬೆಂಚಿನ ಮೇಲೆ ದವಡೆಗೆ ಬಟ್ಟೆ ಕಟ್ಟಿಕೊಂಡು, ಕಿವಿ ಮಾತ್ರ ಬಿಟ್ಟುಕೊಂಡು, ಪ್ರಿನ್ಸಿಪಾಲರ ಹೆಂಡತಿ ಕೂತಿದ್ದರು.

"ಓಪನ್," ಎಂದರು ಡಾಕ್ಟ್ರು.

ಮೇಷ್ಟ್ರು ಬಾಯಿ ತೆರೆದು, ಬೆರಳಿನಿಂದ ಬಲಗಡೆ ತೋರಿಸಿದರು. ಡಾಕ್ಟ್ರು ಟಾರ್ಚು ಬಿಟ್ಟು ನೋಡಿದರು.

"ಬಲಗಡೆ ಏನೂ ಕಾಣ್ತಿಲ್ಲವಲ್ಲ. ಮುತ್ತು ಪೋಣಿಸಿದ ಹಾಗಿದೆ. ಎಡಗಡೆ ಒಂದಿದೆ ನೋಡಿ, ಯಾವ ಕಾಲದಲ್ಲೋ ಸಿಮೆಂಟು ತುಂಬಿಸಿದ್ದು. ಇದ್ದಿಲ ಹಾಗೆ ಕಪ್ಪಗಾಗಿದೆ."

ಆ ಎಡಗಡೆಯ ಹಲ್ಲು ಮೇಷ್ಟ್ರ ಬಾಯಲ್ಲಿದ್ದ ಅತ್ಯಂತ ನಂಬಿಕಸ್ಥ ಹಲ್ಲು. ಮದುವೆಗೆ ಮುಂಚೆ ತುಂಬಿಸಿದ್ದು, ಅಂದಿನಿಂದ ಒಂದು ದಿನ ತಕರಾರು ಮಾಡಿದ್ದಿಲ್ಲ. ನೋಡಲು ಕಪ್ಪು ಅಷ್ಟೇ.

"ಅದೇ ಇರ್ಬೇಕು ಡಾಕ್ಟ್ರೇ," ಎಂದು ಓನರಮ್ಮ ಮೂಗು ತೂರಿಸಿದಳು. "ಇವರದೆಲ್ಲ ಉಲ್ಟಾ. ಬೇಕು ಅನ್ನೋಕೆ ಬೇಡ ಅನ್ನೋ ಹಾಗೆ ತಲೆ ಆಡಿಸೋ ಜನ. ಬಲಗಡೆ ತೋರಿಸಿದ್ರೆ ಎಡಗಡೆ ಅಂತಲೇ ತಿಳ್ಕೊಳ್ಳಿ."

ಡಾಕ್ಟ್ರು ಉಕ್ಕಿನ ಕಡ್ಡಿಯಿಂದ ಎಡಗಡೆಯ ಹಲ್ಲನ್ನು ಮೃದುವಾಗಿ ತಟ್ಟಿದರು. "ಇದೇನಾ?"

ಮೇಷ್ಟ್ರು ಕುತ್ತಿಗೆ ಉಳುಕುವಂತೆ ತಲೆಯನ್ನು ಅಡ್ಡ ಆಡಿಸಿದರು.

"ನೋಡಿ, ಎಷ್ಟು ಜೋರಾಗಿ ಹೌದು ಅಂತಿದಾರೆ!" ಎಂದಳು ಓನರಮ್ಮ. ಅವಳ ಮುಖದಲ್ಲಿ ತಾನೇ ಹಲ್ಲು ಹುಡುಕಿಕೊಟ್ಟ ಹೆಮ್ಮೆ.

ಸೂಜಿ ಎಡಗಡೆಯ ವಸಡಿಗೆ ಇಳಿಯಿತು. ಮೇಷ್ಟ್ರು ಕೈ ಎತ್ತಲು ಹೋದರು. ಕ್ಷೌರದವನು ಎರಡೂ ಕೈಗಳನ್ನು ಕುರ್ಚಿಗೆ ಒತ್ತಿ ಹಿಡಿದು, "ಆಯ್ತು, ಆಯ್ತು, ಇನ್ನೊಂದು ಚೂರು," ಎಂದು ಗಿರಾಕಿಗೆ ಹೇಳುವಂತೆ ಸಮಾಧಾನ ಹೇಳಿದ. ನಾಲಿಗೆಯಿಂದ ಬಲಗಡೆ ತೋರಿಸಲು ನೋಡಿದರು. "ನಾಲಿಗೆ ಒಳಗಿಡಿ," ಎಂದು ಡಾಕ್ಟ್ರು ಚಮಚದಿಂದ ಒತ್ತಿದರು. ಮೇಷ್ಟ್ರು ಇಂಗ್ಲಿಷಿನಲ್ಲಿ "ನೋ! ನೋ! ದಿ ಅದರ್ ಒನ್!" ಎಂದು ಕಿರುಚಿದರು.

ಡಾಕ್ಟ್ರು ಇಕ್ಕಳ ಕೈಗೆ ತೆಗೆದುಕೊಂಡವರು ಹಾಗೇ ನಿಂತರು. ಮೇಷ್ಟ್ರ ಕಣ್ಣನ್ನೇ ನೋಡುತ್ತಾ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ತಮ್ಮ ಭಾಷೆಯಲ್ಲಿ ಹೇಳಿದರು.

"ಮೇಷ್ಟ್ರೇ. ಎಡಗಡೆ ಹಲ್ಲು ಕೀಳ್ತಿದೀನಿ. ಇದಲ್ಲ, ಆ ಕಡೆದು ಅನ್ನೋದಾದ್ರೆ ಈಗ್ಲೇ ಅನ್ನಿ. ಆಮೇಲೆ ಅಂಟಿಸೋಕೆ ಬರಲ್ಲ."

ಸ್ವಲ್ಪ ಹೊತ್ತು ಕಾದರು. ಮತ್ತೊಮ್ಮೆ ಅದನ್ನೇ ಹೇಳಿದರು.

'ಇದಲ್ಲ ಕಣಪ್ಪಾ, ಬಲಗಡೆದು' ಎಂಬ ಮಾತು ಅಚ್ಚುಕಟ್ಟಾಗಿ ಅವರ ಭಾಷೆಯಲ್ಲೇ ಮೇಷ್ಟ್ರ ನಾಲಿಗೆಯ ತುದಿಗೆ ಬಂದು ನಿಂತಿತು. ಆಗ ಬಾಗಿಲಾಚೆ ಪ್ರಿನ್ಸಿಪಾಲರ ಹೆಂಡತಿ ಕೆಮ್ಮಿದರು. ಮೇಷ್ಟ್ರ ಕಣ್ಣ ಮುಂದೆ ಬಾಣಲೆ ಹಿಡಿದ ಹೆಂಡತಿ ಬಂದಳು, ಮಗಳು ಬಂದಳು, ಈರುಳ್ಳಿ ಬಿಟ್ಟು ಹೋದ ಹಿಂದಿನವನೂ ಬಂದ. ಬಾಯಲ್ಲಿ ಇನ್ನೂ ಬೇಕಾದಷ್ಟು ಹಲ್ಲಿವೆ, ಕೆಲಸ ಇರುವುದು ಒಂದೇ. ಮೇಷ್ಟ್ರು ಬಂದ ಮಾತನ್ನು ನುಂಗಿ, ಏನೂ ಅರ್ಥವಾಗದವರಂತೆ ಹಲ್ಲು ಬಿಟ್ಟರು.

"ಸರಿ ಹಾಗಾದ್ರೆ, ನಿಮ್ಮಿಷ್ಟ," ಎಂದು ಡಾಕ್ಟ್ರು ಬಗ್ಗಿದರು.

ಕಿತ್ತ ಹಲ್ಲನ್ನು ಬೆಳಕಿಗೆ ಹಿಡಿದು ಅವರೇ ಬೆರಗಾದರು. "ಬೇರು ನೋಡಿ, ಎಷ್ಟು ಗಟ್ಟಿ! ಚೆನ್ನಾಗೇ ಇತ್ತಲ್ಲ ಪಾಪ." ಅದನ್ನು ಕಾಗದದಲ್ಲಿ ಸುತ್ತಿ ಓನರಮ್ಮನ ಕೈಗೆ ಕೊಟ್ಟರು. ಬಲಗಡೆಯ ಹಲ್ಲು ಮೊದಲಿನಂತೆಯೇ ನೋಯುತ್ತಿತ್ತು.

ಮಧ್ಯಾಹ್ನ ಮೇಷ್ಟ್ರು ಶಾಲೆಯ ಮೆಟ್ಟಿಲು ಹತ್ತುವಾಗ ಅವರ ಎಡಗೆನ್ನೆ ಇಡ್ಲಿಯಂತೆ ಉಬ್ಬಿತ್ತು. ತುಟಿ ಅರ್ಧ ಮಾತ್ರ ಅವರದಾಗಿತ್ತು, ಇನ್ನರ್ಧ ಎಲ್ಲಿದೆಯೋ ಗೊತ್ತಾಗುತ್ತಿರಲಿಲ್ಲ. ಒಳಗೆ ಒಂದು ಉಂಡೆ ಹತ್ತಿ. ಪ್ರಿನ್ಸಿಪಾಲರು ಬಾಗಿಲಲ್ಲೇ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದರು. ಸಣ್ಣ ಆಕಾರದ, ದೊಡ್ಡ ಟೈ ಕಟ್ಟಿದ ಮನುಷ್ಯ.

"ಎಲ್ಲ ಬಂದಿದ್ದಾರೆ," ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. "ಹಿಂದೆ ಕೂತವರಲ್ಲಿ ಎರಡನೇ ಸಾಲಿನ ತಾತನಿಂದ ಹುಷಾರು. ಅವರು ಒಪ್ಪಿದ್ರೆ ಎಲ್ಲರೂ ಒಪ್ಪಿದ ಹಾಗೆ. ನಿಮ್ಮ ಮೇಲೆ ಅವರಿಗೆ ಏನೋ ಅನುಮಾನ."

ಮೇಷ್ಟ್ರು ಉತ್ತರ ಹೇಳಲು ಬಾಯಿ ತೆರೆದರು. ಜೊಲ್ಲು ಬಂತು, ಉತ್ತರ ಬರಲಿಲ್ಲ. ಕರ್ಚೀಫು ಒತ್ತಿಕೊಂಡು ಒಳಗೆ ನಡೆದರು. ಇವತ್ತಿಗೆ ಮುಗಿಯಿತು ಎಂದುಕೊಂಡರು. ಇನ್ನು ಹೆಂಡತಿಗೆ ಏನು ಹೇಳುವುದು, ತಂಗಿಗೆ ಕೊಟ್ಟ ಪಾತ್ರೆಗಳನ್ನು ವಾಪಸ್ ಕೇಳುವುದು ಹೇಗೆ ಎಂದು ಯೋಚಿಸುತ್ತಲೇ ಮೇಜಿನ ಮೇಲೆ ಕೈಯಿಟ್ಟು ಮೊದಲ ವಾಕ್ಯ ಹೇಳಿದರು. 'ದಿಸ್ ಈಸ್ ಎ ಟೇಬಲ್' ಎಂದು ಹೇಳಬೇಕಿತ್ತು.

"ಇಶ್ ಇಶ್ ಅ ಏಬೋ," ಎಂದಿತು ಬಾಯಿ.

ಮೊದಲ ಬೆಂಚಿನಲ್ಲಿದ್ದ ಡಾಕ್ಟರ ಮಗಳು ಜಾಣೆ. ಮೇಷ್ಟ್ರು ಹೇಗೆ ಹೇಳುತ್ತಾರೋ ಹಾಗೆಯೇ ಹೇಳಬೇಕೆಂದು ಮೇಷ್ಟ್ರೇ ಕಲಿಸಿದ್ದರು. ಅವಳು ಎಡಗೆನ್ನೆ ಉಬ್ಬಿಸಿ, ತುಟಿ ಸೊಟ್ಟ ಮಾಡಿ, "ಇಶ್ ಇಶ್ ಅ ಏಬೋ!" ಎಂದಳು. ಹಿಂದೆಯೇ ಇಡೀ ಕ್ಲಾಸು ಎಡಗೆನ್ನೆ ಉಬ್ಬಿಸಿತು.

"ಇಶ್ ಇಶ್ ಅ ಏಬೋ!"

ಕುರ್ಚಿಯಾಯಿತು, ಕಿಟಕಿಯಾಯಿತು, ಛತ್ರಿಯಾಯಿತು. ಮೇಷ್ಟ್ರು ಒಂದು ಹೇಳಿದರೆ ಮಕ್ಕಳು ಅದನ್ನೇ ಇನ್ನೂ ಕೆಡಿಸಿ ಹೇಳಿದರು. ಇಷ್ಟು ಉತ್ಸಾಹದಿಂದ ಅವರು ಎಂದೂ ಪಾಠ ಒಪ್ಪಿಸಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬ ಅಮ್ಮ ತಾನೂ ಮೆಲ್ಲಗೆ ಕೆನ್ನೆ ಉಬ್ಬಿಸಿ ನೋಡಿಕೊಳ್ಳುತ್ತಿದ್ದಳು. ಎರಡನೇ ಸಾಲಿನ ತಾತ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎದ್ದು ನಿಂತರು.

"ಇಷ್ಟು ದಿನ ನನಗೆ ಒಂದು ಅನುಮಾನ ಇತ್ತು," ಎಂದರು ತಾತ ತಮ್ಮ ಭಾಷೆಯಲ್ಲಿ. "ನನ್ನ ಮೊಮ್ಮಗ ಮನೇಲಿ ಓದೋ ಇಂಗ್ಲಿಷು ನನಗೂ ಅರ್ಧಂಬರ್ಧ ಅರ್ಥ ಆಗ್ತಿತ್ತು. ನನ್ನಂಥವನಿಗೇ ಅರ್ಥ ಆದ್ರೆ ಅದೆಂಥಾ ಇಂಗ್ಲಿಷು? ಇವತ್ತು ನೋಡಿ, ಒಂದಕ್ಷರ ತಿಳೀಲಿಲ್ಲ! ಇದು ಅಸಲಿ ಮಾಲು!"

ಚಪ್ಪಾಳೆಯೋ ಚಪ್ಪಾಳೆ. ಪ್ರಿನ್ಸಿಪಾಲರು ಓಡಿಬಂದು ಮೇಷ್ಟ್ರ ಕೈಯನ್ನು ಪಂಪು ಹೊಡೆದಂತೆ ಕುಲುಕಿದರು. "ಖಾಯಂ! ಇವತ್ತಿನಿಂದಲೇ ಖಾಯಂ! ಹೆಂಡತಿ ಮಕ್ಕಳನ್ನ ಕರೆಸ್ಕೊಳ್ಳಿ. ಒಂದೇ ಒಂದು ಷರತ್ತು, ಈ ಉಚ್ಚಾರಣೆ ಮಾತ್ರ ಬಿಡಕೂಡದು."

ಅದು ಆಗದ ಮಾತೆಂದು ಮೇಷ್ಟ್ರು ತಲೆಯನ್ನು ಅಡ್ಡ ಆಡಿಸಿದರು. ಓನರಮ್ಮನ ಪಾಠ ಅಷ್ಟರಲ್ಲಿ ಶಾಲೆಗೂ ತಲುಪಿತ್ತು. ಪ್ರಿನ್ಸಿಪಾಲರು ಸಂತೋಷಪಟ್ಟರು.

ಹೊರಗೆ ಬಂದು ಮೊದಲು ಮಾಡಿದ ಕೆಲಸ ಹೆಂಡತಿಗೆ ಫೋನು.

"ಆಯಂ ಆಯು ಅಣೇ!" ಎಂದರು ಮೇಷ್ಟ್ರು, ಕಣ್ಣಲ್ಲಿ ನೀರು ತುಂಬಿಕೊಂಡು.

"ರೀ! ಏನ್ರೀ ಇದು, ಹಗಲು ಹೊತ್ತಲ್ಲೇ ಕುಡಿದಿದ್ದೀರಾ?"

ಹತ್ತಿ ಉಗಿದು, ಖಾಯಂ ಆಯ್ತು ಕಣೇ ಎಂದು ಮೂರು ಸಲ ಬಿಡಿಸಿ ಹೇಳಿದ ಮೇಲೆ ಆಕೆಗೆ ಅರ್ಥವಾಯಿತು. ಆಮೇಲೆ ಆ ಕಡೆ ಅಳು, ನಗು, ಮಗಳು ಕುಣಿಯುವ ಸದ್ದು ಎಲ್ಲ ಒಟ್ಟಿಗೇ ಕೇಳಿಸಿತು. "ರೂಮು ದೊಡ್ಡದು ತಾನೆ? ರಸ್ತೆ ಕಡೆ ಕಿಟಕಿ ಇದೆ ಅಂದಿದ್ರಲ್ಲ? ಕಿಟಕಿ ಪಕ್ಕದಲ್ಲೇ ಮಲಗ್ತೀನಿ ಅಂತ ಆಗ್ಲೇ ಹಠ ಹಿಡಿದಿದಾಳೆ ನಿಮ್ಮ ಮಗಳು."

"ಇದೆ ಕಣೇ, ಇದೆ. ದೊಡ್ಡ ಕಿಟಕಿ. ಅವಳಿಗೇ ಅಂತ ಹೇಳು," ಎಂದರು ಮೇಷ್ಟ್ರು. ಆ ಗಳಿಗೆಯಲ್ಲಿ ಹಲ್ಲು ಹೋದದ್ದೂ ಅವರಿಗೆ ಸಿಹಿಯೇ ಆಗಿತ್ತು.

ಫೋನಿಟ್ಟ ಮೇಲೆ ಬಲಗಡೆಯ ಹಲ್ಲು ತಾನಿನ್ನೂ ಇದ್ದೇನೆಂದು ನೆನಪಿಸಿತು. ಇನ್ನು ಸಹಿಸಲು ಸಾಧ್ಯವಿರಲಿಲ್ಲ. ಸಾಯಂಕಾಲ ಒಬ್ಬರೇ ಡಾಕ್ಟರ ಹತ್ತಿರ ಹೋದರು. ಬೆಂಚು ಖಾಲಿಯಿತ್ತು. ಕೀಲಿಲ್ಲದ ಬಾಗಿಲಿಗೆ ಒಂದು ಸ್ಟೂಲು ಒತ್ತರಿಸಿ, ಆಚೆ ಈಚೆ ನೋಡಿ, ಬಂದದ್ದು ಬರಲಿ ಎಂದು ಅವರ ಭಾಷೆಯಲ್ಲೇ ಶುರು ಮಾಡಿದರು.

"ಡಾಕ್ಟ್ರೇ, ನೀವು ಕಿತ್ತಿದ್ದು ಒಳ್ಳೆ ಹಲ್ಲು. ಕೆಟ್ಟಿರೋದು ಬಲಗಡೆದು. ನನಗೆ ನಿಮ್ಮ ಭಾಷೆ ಬರುತ್ತೆ. ದಯವಿಟ್ಟು ಯಾರಿಗೂ ಹೇಳ್ಬೇಡಿ."

ಡಾಕ್ಟ್ರು ಕೈ ತೊಳೆಯುತ್ತಿದ್ದವರು ತಿರುಗಿಯೂ ನೋಡಲಿಲ್ಲ. "ಗೊತ್ತಲ್ಲ."

"ಏನು ಗೊತ್ತು?"

"ನಿಮಗೆ ನಮ್ಮ ಭಾಷೆ ಬರುತ್ತೆ ಅಂತ. ಊರಿಗೆಲ್ಲ ಗೊತ್ತು ಮೇಷ್ಟ್ರೇ. ಮಕ್ಕಳು ಜೋಕು ಹೇಳಿದ್ರೆ ನೀವು ಬೋರ್ಡಿನ ಕಡೆ ತಿರುಗಿ ನಗ್ತೀರಂತೆ. ಭುಜ ಕುಣಿಯುತ್ತಂತೆ. ಮಗಳು ಯಾವತ್ತೋ ಹೇಳಿದ್ಲು."

ಮೇಷ್ಟ್ರು ರೋಗಿಯ ಕುರ್ಚಿಯಲ್ಲಿ ಕುಸಿದು ಕೂತರು. "ಪ್ರಿನ್ಸಿಪಾಲರಿಗೂ?"

"ಅವರಿಗೇ ಮೊದಲು ಗೊತ್ತಾಗಿದ್ದು."

"ಮತ್ತೆ... ಮತ್ತೆ ಯಾಕೆ ಆ ಹಲ್ಲು ಕಿತ್ರಿ?"

ಈಗ ಡಾಕ್ಟರಿಗೆ ಸಿಟ್ಟು ಬಂತು. "ಸ್ವಾಮೀ, ನಾನು ಕೇಳ್ಲಿಲ್ವಾ? ನಿಮಗೆ ತಿಳಿಯುತ್ತೆ ಅಂತ ಗೊತ್ತಿದ್ದಕ್ಕೇ ತಾನೆ ಬಿಡಿಸಿ ಬಿಡಿಸಿ ಎರಡೆರಡು ಸಲ ಕೇಳಿದ್ದು! ಆ ಕಡೆದು ಅನ್ನೋದಾದ್ರೆ ಅನ್ನಿ ಅಂದೆ. ನೀವು ನಕ್ಕಿರಿ. ಇಷ್ಟು ಓದಿದ ಮನುಷ್ಯ ಬಾಯಿ ಮುಚ್ಚಿಕೊಂಡಿದಾನೆ ಅಂದ್ರೆ ಒಪ್ಪಿಗೆ ಅಂತಲೇ ಅಲ್ವಾ?"

"ನಾನು ನೋ ನೋ ಅಂತ ಕಿರುಚಿದೆನಲ್ಲ!"

"ಈ ಕುರ್ಚಿ ಮೇಲೆ ಕೂತು ನೋ ಅನ್ನದವರು ಯಾರಿದಾರೆ? ನಮ್ಮತ್ತೆಯೂ ಅಂದಿದ್ರು."

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಇಡೀ ಊರಿಗೆ ಗೊತ್ತಿದ್ದ ಗುಟ್ಟನ್ನು ಕಾಪಾಡಲು ಬಂಗಾರದಂಥ ಹಲ್ಲನ್ನು ಬಲಿ ಕೊಟ್ಟಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಂದು ಆಸೆ ಹುಟ್ಟಿತು. "ಹೇಗೂ ಎಲ್ಲರಿಗೂ ಗೊತ್ತಲ್ಲ. ಹಾಗಾದ್ರೆ ಇನ್ನು ಧಾರಾಳವಾಗಿ ಮಾತಾಡಬಹುದು ಅನ್ನಿ."

"ಛೆ ಛೆ! ಎಲ್ಲಾದ್ರೂ ಉಂಟೆ?" ಡಾಕ್ಟ್ರು ಗಾಬರಿಯಾದರು. "ಗೊತ್ತಿರೋದು ಬೇರೆ, ಕಿವಿಗೆ ಬೀಳೋದು ಬೇರೆ. ಕಿವಿಗೆ ಬಿದ್ರೆ ಪ್ರಿನ್ಸಿಪಾಲರು ನಿಮ್ಮನ್ನ ಕಳಿಸಲೇಬೇಕು, ನಿಯಮ. ಈಗ ನೋಡಿ, ನಾನು ಏನೂ ಕೇಳಿಲ್ಲ. ನೀವು ಇಲ್ಲಿಗೆ ಬಂದೇ ಇಲ್ಲ. ಎಲ್ಲರೂ ಸುಮ್ಮನಿರೋದು ನಿಮ್ಮ ಒಳ್ಳೇದಕ್ಕೇ. ಆ ಈರುಳ್ಳಿ ಮೇಷ್ಟ್ರು ಹೋದಾಗ ಮಕ್ಕಳು ಎಷ್ಟು ಅತ್ತಿದ್ವು ಗೊತ್ತಾ?"

"ಓನರಮ್ಮನಿಗೂ ಗೊತ್ತಾ?"

"ಆಯಮ್ಮನಿಗೆ ಗೊತ್ತಿಲ್ಲದೆ ಇರುತ್ತಾ? ನಿಮ್ಮನ್ನ ಬಹಳ ಹೊಗಳ್ತಾಳೆ. ಏನು ತಗೊಳ್ಳೋ ಮುಂಚೆಯೂ ಕೇಳ್ತೀನಿ, ಒಂದು ದಿನ ಬೇಡ ಅಂದಿಲ್ಲ, ಸ್ವೆಟರು ಕೂಡ ಕೊಟ್ರು, ದೇವರಂಥ ಮನುಷ್ಯ ಅಂತಾಳೆ."

ಮೇಷ್ಟ್ರು ಬಲಗೆನ್ನೆ ಮುಟ್ಟಿ ತೋರಿಸಿದರು. ಡಾಕ್ಟ್ರು ನೋಡಿ, ಊತ ಇಳಿಯದೆ ಮುಟ್ಟುವ ಹಾಗಿಲ್ಲ, ಮುಂದಿನ ವಾರ ಬನ್ನಿ ಎಂದರು. "ಬರೋವಾಗ ಓನರಮ್ಮನ್ನ ಕರ್ಕೊಂಡೇ ಬನ್ನಿ. ಯಾವ ಹಲ್ಲು ಅಂತ ಹೇಳೋಕೆ ಯಾರಾದ್ರೂ ಬೇಕಲ್ಲ." ಆಮೇಲೆ ಕಪಾಟಿನಿಂದ ಒಂದು ದೊಡ್ಡ ಹತ್ತಿಯ ಕಟ್ಟು ತೆಗೆದು, ಒಂದುಂಡೆಯನ್ನು ಮೇಷ್ಟ್ರ ಎಡಗೆನ್ನೆಗೆ ತುರುಕಿ, ಉಳಿದದ್ದನ್ನು ಮಡಿಲಲ್ಲಿಟ್ಟರು. "ಪ್ರಿನ್ಸಿಪಾಲರು ಹೇಳಿ ಕಳಿಸಿದಾರೆ. ದಿನಾ ಇಂಜೆಕ್ಷನ್ ಕೊಡಿ ಅಂದ್ರು, ಅದು ನನ್ನ ಕೈಲಾಗಲ್ಲ ಅಂದೆ. ಎಡಗಡೆ ಒಂದುಂಡೆ ಇಟ್ಕೊಂಡು ಪಾಠ ಮಾಡಿ. ನನ್ನ ಮಗಳ ಉಚ್ಚಾರಣೆ ಇವತ್ತು ಎಷ್ಟು ಸುಧಾರಿಸಿದೆ ಅಂತೀರಿ!"

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ದೊಡ್ಡವರು ಹೇಳಿದ್ದಾರೆ. ಮೇಷ್ಟ್ರ ಬಳಿ ಕಡಲೆಯೂ ಇತ್ತು, ಹಲ್ಲೂ ಇತ್ತು, ಒಂದು ಇನ್ನೊಂದನ್ನು ತಿಂದಿತ್ತು. ಹೋಗಲಿ ಬಿಡು ಎಂದುಕೊಂಡರು. ಹತ್ತಿ ತಿಂದಾದರೂ ಬದುಕುತ್ತೇನೆ, ಹೆಂಡತಿ ಮಗಳು ಬರುತ್ತಾರಲ್ಲ. ಕಿಟಕಿಯ ಪಕ್ಕ ಮಂಚ ಹೇಗೆ ಹಾಕುವುದೆಂದು ಮನಸ್ಸಿನಲ್ಲೇ ಅಳೆಯುತ್ತಾ ಬೀದಿ ತಿರುಗಿದರು.

ಮನೆಯ ಮುಂದೆ ಒಂದು ಟೆಂಪೊ ನಿಂತಿತ್ತು. ಹಾಸಿಗೆ ಸುರುಳಿ, ಟ್ರಂಕು, ಬಕೆಟ್ಟು, ಅವುಗಳ ಮೇಲೆ ಹತ್ತಿ ಕೂತ ಒಂದು ಡಜನ್ ಮಕ್ಕಳಂತೆ ಕಾಣುವ ನಾಲ್ಕು ಮಕ್ಕಳು. ಅವರ ಮಧ್ಯೆ, ಮೇಷ್ಟ್ರಿಗೆ ಭಾಷೆ ಕಲಿಸಿದ ಫೋನ್ ಜಗಳದ ಇನ್ನೊಂದು ತುದಿ, ಅಂದರೆ ಓನರಮ್ಮನ ತಮ್ಮನ ಹೆಂಡತಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪಕ್ಕದಲ್ಲಿ ಕ್ಷೌರದವನು. ಅಭಿನಂದನೆ ಹೇಳಲು ಮನೆಯವರೆಗೆ ಬಂದಿದ್ದ ಪ್ರಿನ್ಸಿಪಾಲರೂ ಟೈ ಹೆಗಲಿಗೆ ಹಾಕಿಕೊಂಡು ಟ್ರಂಕಿಗೆ ಒಂದು ಕೈ ಕೊಟ್ಟಿದ್ದರು.

"ಬಂದ್ರಲ್ಲ ಮೇಷ್ಟ್ರು!" ಎಂದು ಓನರಮ್ಮ ಎಲ್ಲರಿಗೂ ಕೇಳುವಂತೆ ಕೂಗಿದಳು. "ನೋಡಿ, ನಾನು ಯಾರನ್ನೂ ಕೇಳದೆ ಒಂದು ಕಡ್ಡಿ ಎತ್ತಿಡೋಳಲ್ಲ. ಅತ್ತಿಗೆ ನಾದಿನಿ ರಾಜಿ ಮಾಡ್ಕೊಂಡ್ವಿ. ಇನ್ನು ಇವರೆಲ್ಲ ಇಲ್ಲೇ ಇರ್ತಾರೆ. ದೊಡ್ಡ ಕಿಟಕಿ ರೂಮು ಇವರಿಗೆ, ಮೆಟ್ಟಿಲ ಕೆಳಗಿನ ಕೋಣೆ ಮೇಷ್ಟ್ರಿಗೆ. ಹೆಂಡತಿ ಮಗಳು ಬಂದ್ರೂ ಸಾಕು, ಮೂರು ಜನ ಒತ್ತಿಕೊಂಡು ಮಲಗಬಹುದು. ಬೇಡ ಅಂದ್ರೆ ಮೇಷ್ಟ್ರೇ, ಈಗ್ಲೇ ಹೇಳ್ಬಿಡಿ."

ಪ್ರಿನ್ಸಿಪಾಲರು ಟ್ರಂಕು ಕೆಳಗಿಟ್ಟು, ಕಿವಿ ನಿಮಿರಿಸಿ ಮೇಷ್ಟ್ರ ಬಾಯಿಯನ್ನೇ ನೋಡಿದರು. ಓನರಮ್ಮ ನ್ಯಾಯವಾಗಿ ಒಂದು ಗಳಿಗೆ ಕಾದಳು. ಇನ್ನೂ ಒಂದು ಗಳಿಗೆ ಕಾದಳು.

ಮೇಷ್ಟ್ರು ಎಡಗೆನ್ನೆಯ ಹತ್ತಿಯನ್ನು ಕಚ್ಚಿ ಹಿಡಿದು, ಮಗಳ ಕಿಟಕಿಯನ್ನು ನೋಡುತ್ತಾ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಲೆಯನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಆಡಿಸಿದರು.

"ನೋಡಿದ್ರಾ, ಎಂಥಾ ಮನುಷ್ಯ!" ಎಂದು ಓನರಮ್ಮ ಕಣ್ಣೊರೆಸಿಕೊಂಡಳು. "ಹಾಸಿಗೆ ಒಳಗೆ ತನ್ನಿ, ಒಪ್ಪಿದ್ರು."